ಕೈ ಎತ್ತಿದವರು

ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವನು ಹೋಟೆಲಿನ ಅಡುಗೆಯವನು. ಒಂದು ಕಡೆ ನಿಂತವಳಲ್ಲ, ಸುಮ್ಮನಿದ್ದವಳಲ್ಲ. ಕೈ ನಡೆಯುವಷ್ಟು ಹೊತ್ತೂ ಬಾಯಿ ನಡೆಯಲೇಬೇಕು. ಬಾಯಿ ಮುಚ್ಚಿಸಲು ಹೋದರೆ ಕೈಯೂ ನಿಂತುಬಿಟ್ಟೀತು ಎಂದು ಮ್ಯಾನೇಜರ್ ಕೂಡ ಅವಳ ಮಾತಿನ ತಂಟೆಗೆ ಹೋಗುತ್ತಿರಲಿಲ್ಲ.

ಅವಳ ಕೆಲಸ ಹೋಟೆಲಿನ ಹಿಂದುಗಡೆ, ಕಿಟಕಿ ಇಲ್ಲದ ಕೋಣೆಯಲ್ಲಿ. ಗೋಡೆಯಲ್ಲೊಂದು ಕಂಡಿ. ಎಂಜಲು ತಟ್ಟೆಗಳು ಆ ಕಂಡಿಯಿಂದ ಒಳಗೆ ಬರುತ್ತಿದ್ದವು, ತೊಳೆದವು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದವು. ನಡುವೆ ಸಿಮೆಂಟಿನ ಎರಡು ತೊಟ್ಟಿ. ಮೊದಲ ತೊಟ್ಟಿಯಲ್ಲಿ ಕೈ ಸುಡುವ ನೀರು, ನೊರೆ. ಅದು ಗಿರಗಿಟ್ಲೆಯದು. ಎರಡನೆಯದರಲ್ಲಿ ಮೌನಿ ಎಂಬುವಳು ತಟ್ಟೆ ಜಾಲಿಸುತ್ತಿದ್ದಳು. ದೊಡ್ಡಕ್ಕ ಒರೆಸಿ ಜೋಡಿಸುತ್ತಿದ್ದಳು. ಮೌನಿಗೆ ಮಾತು ಬಾರದೆಂದಲ್ಲ. ಗಿರಗಿಟ್ಲೆಯ ಪಕ್ಕದಲ್ಲಿ ಯಾರಿಗೇ ಆಗಲಿ ಮಾತಿಗೆ ಜಾಗ ಸಿಗುವುದು ಕಷ್ಟ.

ಬೆಳಿಗ್ಗೆ ಬಗ್ಗಿದ ಸೊಂಟ ಸಂಜೆಗೇ ನೆಟ್ಟಗಾಗಬೇಕು. ಸೀರೆಯ ಅಂಚು ಒದ್ದೆ, ಕಾಲು ಒದ್ದೆ, ಕೈಯಂತೂ ಮೊಣಕೈವರೆಗೆ ನೀರಿನಲ್ಲೇ ವಾಸ. ಊಟದ ಹೊತ್ತಿಗೆ ಕಂಡಿಯಲ್ಲಿ ತಟ್ಟೆಗಳು ಒಂದರ ಮೇಲೊಂದು ಬಿದ್ದು ಇಡೀ ಕೋಣೆ ಗಲಗಲ ಎನ್ನುತ್ತಿತ್ತು. ಗಿರಗಿಟ್ಲೆ ಆ ಗಲಾಟೆಯ ಮೇಲೂ ತನ್ನ ಅತ್ತೆಯ ಕಥೆ ಹೇಳಿ ಉಳಿದಿಬ್ಬರನ್ನೂ ನಗಿಸುತ್ತಿದ್ದಳು.

ಹಿಂದೆಲ್ಲ ತೊಳೆಯಲು ಗಟ್ಟಿ ಸೋಪು ಕೊಡುತ್ತಿದ್ದರು. ಒಂದು ದಿನ ಮ್ಯಾನೇಜರ್ ಬಿಳಿ ಚೀಲದ ಪುಡಿ ತರಿಸಿದ. ನೀರಿಗೆ ಸುರಿದರೆ ಮೂಗಿನೊಳಗೆ ಚುರ್ ಎನ್ನುವ ಪುಡಿ. ಆದರೆ ಎಂಥ ಜಿಡ್ಡೂ ನೋಡನೋಡುತ್ತಿದ್ದಂತೆ ಬಿಟ್ಟು ಹೋಗುತ್ತಿತ್ತು. ಮ್ಯಾನೇಜರ್ ಒಂದು ತಟ್ಟೆ ಎತ್ತಿ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡ. ಬಹಳ ಸಂತೋಷಪಟ್ಟ. ತಟ್ಟೆಯ ಜಿಡ್ಡು ಯಾವುದು, ಮನುಷ್ಯರ ಕೈಯ ಜಿಡ್ಡು ಯಾವುದು ಎಂದು ಆ ಪುಡಿಗೆ ಗೊತ್ತಾಗಬೇಕಲ್ಲ. ಅದು ಎರಡನ್ನೂ ತೆಗೆಯಿತು.

ಮೊದಲು ಬೆರಳುಗಳ ಸಂದಿಯಲ್ಲಿ ತುರಿಕೆ. ಆಮೇಲೆ ಉಂಗುರದ ಕೆಳಗೆ ಕೆಂಪು. ಚರ್ಮ ಒಣಗಿ ಹಾಳೆಯಂತೆ ಏಳತೊಡಗಿತು. ಗೆಣ್ಣುಗಳ ಮೇಲೆ ಬಿರುಕು ಬಿಟ್ಟಿತು. ಮುಷ್ಟಿ ಕಟ್ಟಿದರೆ ಬಿರುಕು ಬಾಯಿ ತೆರೆದು ರಕ್ತ ಜಿನುಗುತ್ತಿತ್ತು. ಬಿಸಿನೀರಿಗೆ ಕೈ ಅದ್ದುವ ಮೊದಲ ಗಳಿಗೆ ಪ್ರಾಣ ನೆತ್ತಿಗೆ ಬಂದಂತಾಗುತ್ತಿತ್ತು. ಹಲ್ಲು ಕಚ್ಚಿ ಅದ್ದುತ್ತಿದ್ದಳು. ಅದ್ದಿ, ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಅತ್ತೆಯ ಕಥೆ ಮುಂದುವರಿಸುತ್ತಿದ್ದಳು.

ಮನೆಯಲ್ಲಿ ಮದ್ದಿಗೇನೂ ಬರ ಇರಲಿಲ್ಲ. ಅತ್ತೆಗೆ ಲೋಕದ ಎಲ್ಲ ರೋಗಕ್ಕೂ ಒಂದೇ ಕಾರಣ, ಕೊಳೆ. ಸೊಸೆಯ ಕೈಯಲ್ಲಿ ಕೊಳೆ ಕೂತಿದೆ ಎಂದು ಬಿಸಿನೀರಿನಲ್ಲಿ ಅದ್ದಿಸಿ ಬಟ್ಟೆ ಸೋಪು ಹಾಕಿ ತಿಕ್ಕಿಸಿದಳು. ನಿಂಬೆಹಣ್ಣು, ಉಪ್ಪು ಉಜ್ಜಿಸಿದಳು. ಗಿರಗಿಟ್ಲೆ ಅಂಗಳವಿಡೀ ಕುಣಿದಳು. ಉರಿ ಬಂತೆಂದರೆ ಮದ್ದು ಹಿಡಿಯಿತು ಎಂದರ್ಥ ಎಂದು ಅತ್ತೆ ಬಾಗಿಲಲ್ಲಿ ಕೂತು ಧೈರ್ಯ ಹೇಳಿದಳು. ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು ಮೊದಮೊದಲು ಹಾಯೆನಿಸಿತು, ಬಿಟ್ಟ ಮೇಲೆ ಇನ್ನಷ್ಟು ಕೆರಳಿಸಿತು. ತಿಕ್ಕಿದಷ್ಟೂ ಒಡೆಯಿತು. ಒಡೆದಷ್ಟೂ ತಿಕ್ಕಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಮೇಜು ಒರೆಸುವವನು ಕೈಕೊಟ್ಟ. ಹಾಲ್ ತುಂಬಿತ್ತು. ಮ್ಯಾನೇಜರ್ ಗಿರಗಿಟ್ಲೆಯನ್ನು ತಟ್ಟೆ ಎತ್ತಿಕೊಂಡು ಬರಲು ಹಾಲ್‌ಗೆ ಕಳಿಸಿದ. ಅವಳಿಗೆ ಖುಷಿಯೇ ಆಯಿತು. ಫ್ಯಾನಿನ ಗಾಳಿ, ನಾಲ್ಕು ಹೊಸ ಮುಖ. ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದ ಒಬ್ಬ ಹೆಂಗಸಿನ ಮುಂದಿನ ತಟ್ಟೆಗೆ ಕೈ ಚಾಚಿದಳು. ಆ ಹೆಂಗಸು ಕೈ ನೋಡಿದಳು. ಪಕ್ಕದಲ್ಲಿದ್ದ ಮಗುವನ್ನು ಕುರ್ಚಿ ಸಮೇತ ಹಿಂದಕ್ಕೆಳೆದಳು. ಇಂಥ ರೋಗದವರನ್ನು ಊಟದ ಜಾಗಕ್ಕೆ ಬಿಡುತ್ತಾರಲ್ಲ ಎಂದು ಗಲ್ಲಾದವರೆಗೂ ಕೇಳುವಂತೆ ಹೇಳಿದಳು. ಅಕ್ಕಪಕ್ಕದವರ ತುತ್ತು ಕೈಯಲ್ಲೇ ನಿಂತಿತು. ಗಿರಗಿಟ್ಲೆ ತಟ್ಟೆಯನ್ನು ಅಲ್ಲೇ ಬಿಟ್ಟಳು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದಳು.

ಮಾರನೆಯ ದಿನ ಕೆಲಸದವರ ಊಟದ ಹೊತ್ತಿಗೆ ಅವಳು ಎಂದಿನಂತೆ ಅಡುಗೆಮನೆಯ ಪಕ್ಕದ ಉದ್ದನೆಯ ಬೆಂಚಿಗೆ ಹೋದಳು. ಮ್ಯಾನೇಜರ್ ಅಡ್ಡ ನಿಂತ. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ ತೆಗೆದಿಟ್ಟಿದ್ದೇನೆ, ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣಲಿ, ಉಂಡದ್ದನ್ನು ಅಲ್ಲೇ ನಲ್ಲಿಯಲ್ಲಿ ತೊಳೆದಿಡಲಿ ಎಂದ. ಅಂಟಿಕೊಂಡರೆ ನಾಳೆ ಎಲ್ಲರಿಗೂ ಕಷ್ಟ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ. ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿ ಉಂಡರು. ಗಲ್ಲಾದವನು ಮಾತ್ರ ತಗ್ಗಿಸಲಿಲ್ಲ. ಇದನ್ನು ಎಂದೋ ಮಾಡಬೇಕಿತ್ತು ಎಂದ.

ಹಿತ್ತಲ ಮೆಟ್ಟಿಲ ಪಕ್ಕದಲ್ಲೇ ಮೋರಿ. ಗಿರಗಿಟ್ಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದೆರಡು ತುತ್ತು ಉಂಡಳು. ಆಮೇಲೆ ಒಂದು ವಿಷಯ ಹೊಳೆದು ತುತ್ತು ಹಾಗೇ ನಿಂತಿತು. ಉಂಡಾದ ಮೇಲೆ ಬೆಂಚಿನವರ, ಹಾಲ್‌ನವರ ತಟ್ಟೆಗಳೆಲ್ಲ ಕಂಡಿಯಿಂದ ಅವಳ ತೊಟ್ಟಿಗೇ ಬರುತ್ತವೆ. ಗಲ್ಲಾದವನ ತಟ್ಟೆ, ಮ್ಯಾನೇಜರನ ತಟ್ಟೆ, ಕಪ್ಪು ಕನ್ನಡಕದವಳು ಉಂಡ ತಟ್ಟೆ, ಎಲ್ಲ. ಈ ಕೈ ತೊಳೆದ ತಟ್ಟೆ ಎಲ್ಲರಿಗೂ ಬೇಕು. ಈ ಕೈ ಬೇಡ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟು ಬಂತು.

ವಾರದ ರಜೆಯ ದಿನ ಗಂಡನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಗಂಡ ಗಾರೆ ಕೆಲಸದವನು. ಸರತಿಯಲ್ಲಿ ನಿಂತಷ್ಟು ಹೊತ್ತೂ ಆಸ್ಪತ್ರೆಯ ಗೋಡೆಯಲ್ಲಿ ಎಲ್ಲೆಲ್ಲಿ ಗಾರೆ ಉಬ್ಬಿದೆ ಎಂದು ತೋರಿಸುತ್ತ, ಇದನ್ನು ಮಾಡಿದವನ್ಯಾರು ಎಂದು ಬೈಯುತ್ತಿದ್ದ. ಒಳಗೆ ಚರ್ಮದ ಡಾಕ್ಟರು ಕಿರಿವಯಸ್ಸಿನ ಹೆಂಗಸು. ಗಿರಗಿಟ್ಲೆ ಸೆರಗಿನಿಂದ ಕೈ ತೆಗೆಯಲು ಹಿಂದೆಮುಂದೆ ನೋಡಿದಳು. ಡಾಕ್ಟರಮ್ಮ ಕೈ ಚಾಚಿ, ಅವಳ ಎರಡೂ ಕೈಯನ್ನು ತನ್ನ ಬರಿಗೈಯಲ್ಲಿ ಹಿಡಿದುಕೊಂಡು ಬೆಳಕಿಗೆ ತಿರುಗಿಸಿ ನೋಡಿದಳು. ಬೆರಳಿನ ಸಂದಿ ಬಿಡಿಸಿ ನೋಡಿದಳು. ಮೆಟ್ಟಿಲ ಮೇಲೆ ಉಣ್ಣತೊಡಗಿದಂದಿನಿಂದ ಹೊರಗಿನವರು ಯಾರೂ ಆ ಕೈ ಮುಟ್ಟಿರಲಿಲ್ಲ. ಗಿರಗಿಟ್ಲೆಯ ಕಣ್ಣು ತುಂಬಿತು. ಡಾಕ್ಟರಮ್ಮ ನೋವಾಯಿತೇನೋ ಎಂದುಕೊಂಡು ಹಿಡಿತ ಸಡಿಲಿಸಿದಳು.

"ಇದು ಅಂಟೋ ರೋಗ ಅಲ್ಲಮ್ಮ. ನಿಮ್ಮಿಂದ ಯಾರಿಗೂ ಬರಲ್ಲ. ನಿಮಗೆ ಬಂದಿರೋದು ತೊಟ್ಟಿಯಿಂದ."

ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳಿದಳು. ಚರ್ಮದ ಮೇಲ್ಪದರ ಇಟ್ಟಿಗೆಯ ಗೋಡೆ ಇದ್ದಂತೆ. ಇಟ್ಟಿಗೆಗಳ ನಡುವಿನ ಗಾರೆ ಎಂದರೆ ಮೈಯ ಜಿಡ್ಡು. ಆ ಪುಡಿ ಗಾರೆಯನ್ನೇ ತೊಳೆದು ಹಾಕಿದೆ. ಈಗ ಒಳಗಿನ ತೇವ ಹೊರಗೆ ಹೋಗುತ್ತಿದೆ, ಹೊರಗಿನ ಖಾರ ಒಳಗೆ ಇಳಿಯುತ್ತಿದೆ. ಅಷ್ಟು ಕೇಳಿದ್ದೇ ತಡ, ಗಂಡ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಇಷ್ಟು ದಿನ ಹೆಂಡತಿಗೆ ಏನಾಗಿದೆ ಎಂದು ತಿಳಿಯದೆ ಒದ್ದಾಡಿದವನಿಗೆ ಈಗ ತನ್ನ ಕಸುಬಿನ ಭಾಷೆ ಕಿವಿಗೆ ಬಿದ್ದಿತ್ತು.

ಬಿಸಿನೀರು ಬೇಡ, ಉಗುರುಬೆಚ್ಚಗೆ ಸಾಕು. ಬಟ್ಟೆ ಸೋಪು ಬೇಡ, ವಾಸನೆಯಿಲ್ಲದ ಮೆದು ಸೋಪು. ನಿಂಬೆ, ಉಪ್ಪು, ತಿಕ್ಕುವುದು ಯಾವುದೂ ಬೇಡ. ಉಂಗುರ ತೆಗೆದಿಡಬೇಕು, ಅದರ ಕೆಳಗೆ ಸೋಪು ಕೂರುತ್ತದೆ. ತೊಳೆದ ಮೇಲೆ ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ದಪ್ಪಗೆ ವ್ಯಾಸಲಿನ್ ಹಚ್ಚಬೇಕು. ಉರಿಯೂತಕ್ಕೆ ಒಂದು ಮುಲಾಮು, ಅದೂ ಹೇಳಿದಷ್ಟು ದಿನ ಮಾತ್ರ. ಕೆಲಸದಲ್ಲಿ ಕೈಗೆ ಗವಸು ತೊಡಬೇಕು, ಒಳಗೆ ಹತ್ತಿಯ ಕೈಚೀಲ, ಅದರ ಮೇಲೆ ರಬ್ಬರಿನದು. ಒಳಗಿನದು ಒದ್ದೆಯಾದರೆ ಬದಲಾಯಿಸಬೇಕು. ಆ ಪುಡಿಯಲ್ಲಿ ಬರಿಗೈ ಅದ್ದುವುದು ನಿಲ್ಲದಿದ್ದರೆ ಏನು ಹಚ್ಚಿಯೂ ಪ್ರಯೋಜನವಿಲ್ಲ ಎಂದೂ ಹೇಳಿದಳು.

ಅಂದು ಸಂಜೆಯಿಂದಲೇ ಗಂಡ ಕೆಲಸಕ್ಕಿಳಿದ. ಹೆಂಡತಿ ಕೈ ತೊಳೆದು ಬಂದರೆ ಗಾರೆ ಮೆತ್ತುವಂತೆ ಕೂತು ವ್ಯಾಸಲಿನ್ ಮೆತ್ತುತ್ತಿದ್ದ. "ಗೋಡೆ ಒಣಗೋ ಮುಂಚೆ ಮೆತ್ತಬೇಕು ಕಣೇ, ಇಲ್ಲಾಂದ್ರೆ ಹಿಡಿಯಲ್ಲ" ಎಂದು ಅವಳಿಗೇ ಪಾಠ ಹೇಳುತ್ತಿದ್ದ. ಬಿರುಕುಗಳ ಮೇಲೆ ಹೆಬ್ಬೆರಳನ್ನು ಗಾರೆ ಬಳಿಯುವ ಕರಣೆಯಂತೆ ಎಳೆಯುತ್ತಿದ್ದ. ಅವನ ಕೈಯೇನೂ ಹೂವಲ್ಲ, ಸಿಮೆಂಟು ತಿಂದ ಕೈ. ಉಳಿದದ್ದನ್ನು ನಿಮ್ಮ ಕೈಗೂ ಹಚ್ಚಿಕೊಳ್ಳಿ ಎಂದು ಅವಳು ಗದರಿಸಿದರೆ, ನಾನು ಹಳೇ ಕಟ್ಟಡ ಬಿಡು ಎನ್ನುತ್ತಿದ್ದ. ತನ್ನ ಮದ್ದನ್ನೆಲ್ಲ ತಳ್ಳಿಹಾಕಿದರಲ್ಲ ಎಂದು ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ತನ್ನ ಹಿಮ್ಮಡಿ ಚಾಚಿ, ಇಲ್ಲಿಗೂ ಒಂದಿಷ್ಟು ಮೆತ್ತೋ ಎಂದಳು.

ಮನೆಯಲ್ಲಿ ಸಂಜೆ ಮೆತ್ತಿದ್ದು ಹೋಟೆಲಿನಲ್ಲಿ ಬೆಳಿಗ್ಗೆ ತೊಳೆದು ಹೋಗುತ್ತಿತ್ತು. ಗಿರಗಿಟ್ಲೆ ಮ್ಯಾನೇಜರನ ಬಳಿ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಮೂವರಿಗೂ ಕೈಚೀಲ ಬೇಕು, ಈ ಪುಡಿ ಬೇಡ, ಹಳೆಯ ಸೋಪು ಕೊಡಿ ಎಂದು ಕೇಳಿದಳು. ಅವನು ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತ ಕೇಳಿಸಿಕೊಂಡ. ಪುಡಿಯಲ್ಲಿ ಏನೂ ಇಲ್ಲ, ದೋಷ ಅವಳ ರಕ್ತದಲ್ಲಿದೆ ಎಂದ. ಅವರ ಕಡೆಯವರ ಚರ್ಮವೇ ಹಾಗೆ ಎಂದ. ಕೈಚೀಲ ಹಾಕಿಕೊಂಡು ತಟ್ಟೆ ತೊಳೆಯಲು ಇದೇನು ಆಪರೇಷನ್ ಥಿಯೇಟರೇ ಎಂದು ತನ್ನ ಮಾತಿಗೆ ತಾನೇ ನಕ್ಕ.

ಅವಳು ಬಂದು ತೊಟ್ಟಿಯ ಮುಂದೆ ನಿಂತಳು. ಊಟದ ಹೊತ್ತು. ಕಂಡಿಯಲ್ಲಿ ತಟ್ಟೆ ಬೀಳತೊಡಗಿದ್ದವು. ನೀರಿನಿಂದ ಹಬೆ ಏಳುತ್ತಿತ್ತು. ರಕ್ತದಲ್ಲಿದೆ ಎಂದನಲ್ಲ, ಅದು ಕಿವಿಯಲ್ಲೇ ಕೂತಿತ್ತು. ಅವಳು ಕೈ ಅದ್ದಲಿಲ್ಲ. ಸುಮ್ಮನೆ ನಿಂತಳು. ಮಾತೂ ಆಡಲಿಲ್ಲ. ಅವಳ ಬಾಯಿಯ ಸದ್ದಿಲ್ಲದೆ ಆ ಕೋಣೆ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಏನೋ ಎಡವಟ್ಟಾಗಿದೆ ಎಂದು ಅಡುಗೆಯವನೇ ಸೌಟು ಹಿಡಿದುಕೊಂಡು ಬಂದು ಇಣುಕಿದ. ಅವನ ಹಿಂದೆ ಮ್ಯಾನೇಜರ್ ಬಂದ. ಏನಾಯಿತು, ಕೈ ನಡೆಸು ಎಂದ.

"ಸಾರ್, ನೀವೊಂದು ತಟ್ಟೆ ತೊಳೀರಿ," ಎಂದಳು ಗಿರಗಿಟ್ಲೆ. "ಒಂದೇ ಒಂದು. ನಿಮ್ಮ ರಕ್ತ ಚೆನ್ನಾಗಿದೆಯಲ್ಲ, ಏನೂ ಆಗಲ್ಲ."

ಅಡುಗೆಯವನ ಸೌಟು ಗಾಳಿಯಲ್ಲೇ ನಿಂತಿತು. ಮ್ಯಾನೇಜರ್ ತೊಟ್ಟಿ ನೋಡಿದ. ಅಂಗಿಯ ತೋಳು ನೋಡಿಕೊಂಡ. ಈಗಷ್ಟೇ ಬಟ್ಟೆ ಬದಲಾಯಿಸಿದ್ದೇನೆ ಎಂದ. ಕೆಲಸ ತುಂಬಾ ಇದೆ ಎಂದ. ಇದೆಲ್ಲ ತನ್ನ ಕೆಲಸವಲ್ಲ ಎಂದ. ಒಂದು ತಟ್ಟೆ ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ಮಾತಾಡಿದ. ತೋಳು ಮಾತ್ರ ಮಡಿಸಲಿಲ್ಲ.

"ಪುಡಿಯಲ್ಲಿ ಏನೂ ಇಲ್ಲ ಅಂದ್ರಲ್ಲ ಸಾರ್. ಮತ್ತೆ ಕೈ ಯಾಕೆ ಜೇಬಿಗೆ ಹೋಯ್ತು?"

ಹೌದು, ಮಾತಾಡುತ್ತ ಆಡುತ್ತ ಅವನ ಎರಡೂ ಕೈ ಪ್ಯಾಂಟಿನ ಜೇಬು ಸೇರಿದ್ದವು. ಅಡುಗೆಯವನಿಗೆ ನಗು ತಡೆಯಲಾಗಲಿಲ್ಲ. ಮ್ಯಾನೇಜರನ ಮುಖ ಕೆಂಪಾಯಿತು. ಇಷ್ಟವಿದ್ದರೆ ಮಾಡು, ಇಲ್ಲದಿದ್ದರೆ ಹೊರಡು, ನಿನ್ನಂಥವರು ಬೀದಿಗೊಬ್ಬರು ಸಿಗುತ್ತಾರೆ, ಇವರಿಬ್ಬರು ಸಾಕು ನನಗೆ ಎಂದ.

ಇವರಿಬ್ಬರಲ್ಲಿ ಒಬ್ಬಳಾದ ಮೌನಿ ಆಗ ಎರಡನೆಯ ತೊಟ್ಟಿಯಿಂದ ಕೈ ಎತ್ತಿದಳು. ನೀರು ಮೊಣಕೈಯಿಂದ ಇಳಿಯುತ್ತಿತ್ತು. ಬೆರಳು ಬಿಡಿಸಿ ಮ್ಯಾನೇಜರನ ಮುಖದ ಮುಂದೆ ಹಿಡಿದಳು. ಪ್ರತಿ ಸಂದಿಯೂ ಕೆಂಪಾಗಿ ಸೀಳಿತ್ತು. ಕೆಲಸದಲ್ಲಿ ಆ ಕೈ ಸದಾ ನೀರಿನೊಳಗೇ ಇರುತ್ತಿದ್ದುದರಿಂದ ಗಿರಗಿಟ್ಲೆಗೂ ಅದು ಗೊತ್ತಿರಲಿಲ್ಲ. ಮೆಟ್ಟಿಲಿಗೆ ಕಳಿಸುತ್ತಾರೆಂಬ ಭಯಕ್ಕೆ ಮೌನಿ ಊಟದ ಹೊತ್ತಿಗೆ ಬಟ್ಟೆ ಸುತ್ತಿಕೊಂಡು, ಕೇಳಿದರೆ ಚಾಕು ತಗುಲಿತು ಎಂದು ಹೇಳಿ, ಬೆಂಚಿನ ತುದಿಯಲ್ಲಿ ಕೂತು ಉಣ್ಣುತ್ತಿದ್ದಳು.

"ನನ್ನ ರಕ್ತಾನೂ ಕೆಟ್ಟಿದೆ," ಎಂದಳು ಮೌನಿ.

ದೊಡ್ಡಕ್ಕ ಒರೆಸುವ ಬಟ್ಟೆಯನ್ನು ಹಿಂಡಿ ಕೊಡವಿ ಮೊಳೆಗೆ ಸಿಕ್ಕಿಸಿದಳು. ಅವಳ ಕೈಗೆ ಏನೂ ಆಗಿರಲಿಲ್ಲ. ಆಗುವವರೆಗೆ ಕಾಯುವುದಿಲ್ಲ ಎಂದು ಹೇಳಿ ತಲೆಕೆಳಗಾಗಿ ಮಗುಚಿದ್ದ ಬಕೆಟ್ಟಿನ ಮೇಲೆ ಕೂತಳು. ಮಂಡಿ ಸವರಿಕೊಂಡಳು. ಹಗಲು ಹೊತ್ತು ಆ ಕೋಣೆಯಲ್ಲಿ ಕೂರುವುದು ಎಷ್ಟು ಸುಖ ಎಂದು ಆಶ್ಚರ್ಯಪಟ್ಟಳು.

ಆಮೇಲೆ ಆದದ್ದು ತಟ್ಟೆಗಳ ಕಥೆ. ಕಂಡಿಯಲ್ಲಿ ಬಂದ ತಟ್ಟೆಗಳು ಬಂದಲ್ಲೇ ಉಳಿದವು. ಅದರ ಮೇಲೆ ಇನ್ನಷ್ಟು, ಅದರ ಮೇಲೆ ಮತ್ತಷ್ಟು. ಕಂಡಿ ಮುಚ್ಚಿಹೋಯಿತು. ಹೊಸ ಗಿರಾಕಿಗಳಿಗೆ ಊಟ ಇತ್ತು, ತಟ್ಟೆ ಇರಲಿಲ್ಲ. ಹಾಲ್‌ನಲ್ಲಿ ಗುಸುಗುಸು, ಆಮೇಲೆ ಗದ್ದಲ, ಆಮೇಲೆ ಮೇಜು ಕುಟ್ಟುವ ಸದ್ದು. ಮ್ಯಾನೇಜರ್ ಬೀದಿಗೊಬ್ಬರನ್ನು ಹುಡುಕಲು ಬೀದಿಗೆ ಹೋಗಿ ಬಂದ. ಒಬ್ಬರೂ ಸಿಗಲಿಲ್ಲ. ಮೇಜು ಒರೆಸುವವನನ್ನು ತೊಟ್ಟಿಗೆ ಹಚ್ಚಿದ. ಅವನು ಕೈ ಅದ್ದಿ, ಅಯ್ಯೋ ಎಂದು ತೆಗೆದು, ತಾನು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಬೆರಳು ಕುಯ್ದುಕೊಂಡಿದ್ದೇನೆ ಎಂದು ಹೊರಟುಹೋದ.

ಕೊನೆಗೆ ಯಜಮಾನರೇ ಬಂದರು. ಗಿರಗಿಟ್ಲೆ ಎರಡೂ ಕೈ ಚಾಚಿ ತೋರಿಸಿದಳು. ಅವರು ಕೈ ನೋಡಲಿಲ್ಲ. ಕಂಡಿ ನೋಡಿದರು, ಬಾಗಿಲಿನಾಚೆ ಎದ್ದು ಹೋಗುತ್ತಿದ್ದ ಗಿರಾಕಿಗಳನ್ನು ನೋಡಿದರು. ಏನು ಬೇಕಂತೆ ಎಂದು ಮ್ಯಾನೇಜರನನ್ನು ಕೇಳಿದರು, ಹೆಂಗಸರಿಗೆ ಬಾಯಿಲ್ಲವೇನೋ ಎನ್ನುವ ಹಾಗೆ. ಕೈಚೀಲ, ಸೋಪು ಎಂದು ಅವನು ಗೊಣಗಿದ. ಅಷ್ಟಕ್ಕೆ ಇಷ್ಟು ರಾದ್ಧಾಂತವೇ, ಕೊಟ್ಟು ಸಾಯಿ ಎಂದು ಹೇಳಿ ಹೊರಟರು. ಅವರಿಗೆ ಕರುಣೆ ಬಂತೆಂದು ಗಿರಗಿಟ್ಲೆ ಎಂದೂ ಹೇಳಿಕೊಳ್ಳಲಿಲ್ಲ. ಹಸಿದ ಗಿರಾಕಿಗಳು ಮೇಜು ಕುಟ್ಟಿದ್ದು ಅವರಿಗೆ ಕೇಳಿಸಿತು ಎಂದೇ ಹೇಳುತ್ತಿದ್ದಳು. ಮೆಟ್ಟಿಲ ಮಾತು ಎತ್ತಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರ ಕಾರಿನ ಬಾಗಿಲು ಮುಚ್ಚಿತ್ತು.

ಹಳೆಯ ಸೋಪು ಬಂತು. ಕೈಚೀಲವೂ ಬಂತು, ಕುಸ್ತಿಪಟುವಿನ ಕೈಗೆ ಆಗುವಂಥದ್ದು. ಒಳಗೆ ನೀರು ನುಗ್ಗಿ, ಕೈ ಅದರಲ್ಲೇ ಬೆಂದಂತಾಗಿ ಇನ್ನೊಂದು ಸುತ್ತು ಜಗಳವಾಯಿತು. ಸರಿಯಾದ ಅಳತೆಯವು ಬಂದವು. ಗಿರಗಿಟ್ಲೆ ಗಂಡನ ಹಳೆಯ ಬನಿಯನ್ ಹರಿದು ಮೂವರಿಗೂ ಒಳಚೀಲ ಹೊಲಿದಳು. ಕೋಣೆಯ ಗೋಡೆಯ ಮೇಲೆ ಹಗ್ಗ ಕಟ್ಟಿ, ಒದ್ದೆಯಾದದ್ದನ್ನು ಒಣಗಹಾಕಿ ಒಣಗಿದ್ದನ್ನು ಹಾಕಿಕೊಂಡರು. ಬೆರಳು ಬೆರಳಾಗಿ ನೇತಾಡುವ ಬನಿಯನ್ ನೋಡಿ ಅಡುಗೆಯವನು ಯಾರ ಮನೆ ಕೂಸಿನ ಬಟ್ಟೆ ಇವು ಎಂದು ಕೇಳಿದ.

ಚರ್ಮ ಒಡೆಯಲು ತೆಗೆದುಕೊಂಡದ್ದಕ್ಕಿಂತ ಕೂಡಲು ಹೆಚ್ಚು ಕಾಲ ತೆಗೆದುಕೊಂಡಿತು. ಒಂದು ದಿನ ವಾಸಿ ಎನಿಸಿದರೆ ಮರುದಿನ ಮತ್ತೆ ತುರಿಕೆ. ಗಂಡ ಬೇಸರವಿಲ್ಲದೆ ಸಂಜೆ ಸಂಜೆ ಮೆತ್ತಿದ. ಮೊದಲು ಉರಿ ಹೋಯಿತು. ಆಮೇಲೆ ಬಿರುಕುಗಳು ಬಾಯಿ ಮುಚ್ಚಿದವು. ಸಿಪ್ಪೆ ಉದುರಿದ ಕಡೆ ಎಳೆಯ, ತೆಳು ಚರ್ಮ ಕಾಣಿಸಿತು. ಒಂದು ಸಂಜೆ ಅವಳು ಮುಷ್ಟಿ ಕಟ್ಟಿದಳು. ನೋವಾಗಲಿಲ್ಲ. ಬಿಚ್ಚಿದಳು, ಮತ್ತೆ ಕಟ್ಟಿದಳು. ಯಾರಿಗೆ ಗುದ್ದಬೇಕು ಎಂದು ಯೋಚಿಸುತ್ತಿದ್ದೀಯೇನೇ ಎಂದು ಗಂಡ ಕೇಳಿದ. ಹೌದು ಎಂದಳು.

ಮೌನಿಯದು ಮಾತ್ರ ತಡವಾಯಿತು. ಅಷ್ಟು ದಿನ ಮುಚ್ಚಿಟ್ಟದ್ದರಿಂದ ಒಳಗೇ ಬಲಿತಿತ್ತು. ಕೈ ಎತ್ತಿ ತೋರಿಸಿದ ಮರುದಿನದಿಂದಲೇ ಅವಳಿಗೂ ಮೆಟ್ಟಿಲಾಗಿತ್ತು. ಇಬ್ಬರೂ ಮೋರಿಯ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. ಅಲ್ಲಿ ಮೌನಿಯ ಬಾಯಿ ಬಿಚ್ಚಿಕೊಂಡಿತು. ಗಿರಗಿಟ್ಲೆಯ ಅತ್ತೆಗೆ ಸರಿಸಾಟಿಯಾದ ಒಬ್ಬ ನಾದಿನಿ ಅವಳಿಗಿದ್ದಳು. ನಗು ಬೆಂಚಿನವರೆಗೂ ಕೇಳುತ್ತಿತ್ತು. ದೊಡ್ಡಕ್ಕ ಒಂದೆರಡು ಸಲ ತನ್ನ ತಟ್ಟೆ ಎತ್ತಿಕೊಂಡು ಅಲ್ಲಿಗೇ ಬಂದು ಕೂತಳು.

ಒಂದು ದಿನ ಉಣ್ಣುವ ಹೊತ್ತಿಗೆ ಮ್ಯಾನೇಜರ್ ಮೆಟ್ಟಿಲ ಬಳಿ ಬಂದ. ಗಿರಗಿಟ್ಲೆಗೆ ಕೈ ತೋರಿಸಲು ಹೇಳಿದ. ತಿರುಗಿಸಿ ತಿರುಗಿಸಿ ನೋಡಿದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ.

"ಚೆನ್ನಾಗಾಗಿದೆ. ಇವತ್ತಿಂದ ನೀನು ಒಳಗೆ ಬಂದು ಬೆಂಚಲ್ಲಿ ಕೂತ್ಕೋ. ಅವಳದು ವಾಸಿ ಆದ್ಮೇಲೆ ಅವಳೂ ಬರಲಿ."

ದೊಡ್ಡ ಉಪಕಾರ ಮಾಡಿದವನಂತೆ ನಕ್ಕ. ಗಿರಗಿಟ್ಲೆ ತನ್ನ ಕೈ ನೋಡಿಕೊಂಡಳು. ನುಣುಪಾಗಿತ್ತು. ಅದೇ ಕೈ ನೋಡಿ ಒಂದು ಕ್ಷಣ ನಾಚಿಕೆಯಾಯಿತು. ಪಕ್ಕದಲ್ಲಿ ಮೌನಿ ತಲೆ ತಗ್ಗಿಸಿ, ಒಡೆದ ಬೆರಳುಗಳನ್ನು ತಟ್ಟೆಯ ಕೆಳಗೆ ಸರಿಸಿಕೊಂಡಿದ್ದಳು. ಹೋಗು ಎಂದು ಮೆಲ್ಲಗೆ ಹೇಳಿದಳು.

"ಒಡೆದಿದ್ದಾಗಲೂ ಇದು ನನ್ನ ಕೈಯೇ ಸಾರ್," ಎಂದಳು ಗಿರಗಿಟ್ಲೆ. "ವಾಸಿ ಆಯ್ತು ಅಂತ ಒಳಗೆ ಕರೀಬೇಡಿ. ನಾಳೆ ಮತ್ತೆ ಒಡೆದ್ರೆ ಮತ್ತೆ ಹೊರಗೆ ಹಾಕ್ತೀರಿ. ನಾವು ಒಳಗೆ ಕೂರೋರು, ಅಷ್ಟೇ."

ಅವಳು ಎದ್ದಳು. ಬಗ್ಗಿ ಮೌನಿಯ ಕೈ ಹಿಡಿದಳು. ವ್ಯಾಸಲಿನ್ ಮೆತ್ತಿದ ಕೈ ಜಾರಿತು. ಮತ್ತೆ ಗಟ್ಟಿಯಾಗಿ ಹಿಡಿದು ಎಬ್ಬಿಸಿದಳು. ಮ್ಯಾನೇಜರ್ ಬಾಗಿಲಿಗೆ ಅಡ್ಡ ನಿಂತಿದ್ದ. ಇಬ್ಬರ ಕೈಯಲ್ಲೂ ತಟ್ಟೆ, ತಟ್ಟೆಯಲ್ಲಿ ಬಿಸಿ ಊಟ. ಅವನು ತನ್ನ ಬಿಳಿ ಅಂಗಿ ನೋಡಿಕೊಂಡು ಪಕ್ಕಕ್ಕೆ ಸರಿದ.

ಬೆಂಚು ತುಂಬಿತ್ತು. ಎಲ್ಲರೂ ತಲೆ ಎತ್ತಿ ನೋಡಿದರು. ಗಿರಗಿಟ್ಲೆ ತುದಿಗೆ ಹೋಗಲಿಲ್ಲ. ನಟ್ಟನಡುವೆ ಹೋಗಿ, ಸ್ವಲ್ಪ ಸರೀರಿ ಎಂದಳು. ಯಾರೂ ಅಲುಗಲಿಲ್ಲ. ಮೊದಲು ಸರಿದವಳು ದೊಡ್ಡಕ್ಕ. ಆಮೇಲೆ ಅಡುಗೆಯವನು ಸರಿದ. ಒಬ್ಬರಿಗಾಗುವಷ್ಟು ಜಾಗವಾಯಿತು. ಮೌನಿಯನ್ನು ಅಲ್ಲಿ ಕೂರಿಸಿ ಗಿರಗಿಟ್ಲೆ ನಿಂತಳು. ಗಲ್ಲಾದವನು ಮುಖ ಸಿಂಡರಿಸಿಕೊಂಡು, ಇಂಥವರ ಜೊತೆ ತನಗೆ ಊಟ ಸೇರುವುದಿಲ್ಲ ಎಂದು ತಟ್ಟೆ ಎತ್ತಿಕೊಂಡು ಎದ್ದು ಹೋದ.

ಅವನು ಎದ್ದ ಜಾಗದಲ್ಲಿ ಗಿರಗಿಟ್ಲೆ ಆರಾಮಾಗಿ ಕೂತಳು.